ನಡುಸಮುದ್ರದಲ್ಲಿ ತಪ್ಪಿದ ಗುರುವಾರ

ಕಾಲವು ಭಗವಂತನ ಸ್ವರೂಪ, ಅದನ್ನು ಬದಲಿಸುವ ಶಕ್ತಿ ನರಮನುಷ್ಯನಿಗಿಲ್ಲ ಎಂದು ಹಿರಿಯರು ಹೇಳುತ್ತಾರೆ. ಪ್ರವಾಸಿ ಹಡಗಿನಲ್ಲಿ ಮಾತ್ರ ಕ್ಯಾಪ್ಟನ್ ಸಾಹೇಬರು ಊಟದ ಹೊತ್ತಿಗೆ ಮೈಕಿನಲ್ಲಿ ಹೇಳಿ ಅದನ್ನು ಬದಲಿಸಿಬಿಡುತ್ತಾರೆ.

ರಾಯರ ಭಕ್ತ ಬಂಧುಗಳೇ, ನಾನು ಧಾರವಾಡ ಮೂಲದ, ಪುಣೆಯ ಕೋಥರೂಡದವನು. ೧೯೯೮ರಲ್ಲಿ ಅಂಥದೊಂದು ಹಡಗಿನಲ್ಲಿ ವಯೊಲಿನ್ ನುಡಿಸುತ್ತಿದ್ದೆ. ಶ್ರೀಮಂತರು ಮೀನು ತಿನ್ನುವಾಗ ಪಕ್ಕದಲ್ಲಿ ನಿಂತು ಪ್ರೇಮಗೀತೆ ನುಡಿಸುವುದು ಈ ಶಾಕಾಹಾರಿಯ ಕಾಯಕ.

ಊರಲ್ಲಿ ಹೆಂಡತಿ ಸುಧಾ ಗರ್ಭಿಣಿ. ಹಿಂದಿನ ಸಲ ಕೂಸು ಹುಟ್ಟುತ್ತಲೇ ಹೋಗಿತ್ತು. ಆಗಲೂ ನಾನು ಸಮುದ್ರದಲ್ಲಿದ್ದೆ. ಸುದ್ದಿ ಮುಟ್ಟುವ ಹೊತ್ತಿಗೆ ಅವಳು ಬರಿಗೈಯಲ್ಲಿ ಮನೆಗೆ ಬಂದಾಗಿತ್ತು. ಈ ಸಲ ಫೋನು ಮಾಡಿದಾಗಲೆಲ್ಲ ಒಂದೇ ಮಾತು: "ಹೆರಿಗಿಗೆ ನೀವು ಇರಬೇಕ್ರಿ. ಮತ್ತೇನೂ ಬ್ಯಾಡ."

ಕರಾರು ಮುಗಿದರೂ ನನ್ನ ಬದಲಿಗೆ ಬರಬೇಕಾದವನು ಬರಲಿಲ್ಲ. ಜಪಾನು ದಾಟಿ ಆಸ್ಟ್ರೇಲಿಯಾ ಮುಟ್ಟುವವರೆಗೆ ಇಳಿಯುವಂತಿಲ್ಲ ಎಂದ ನಮ್ಮ ವಾದ್ಯವೃಂದದ ಮುಖ್ಯಸ್ಥ. ನನ್ನ ಕೋಣೆ ನೀರಿನ ಮಟ್ಟಕ್ಕಿಂತ ಕೆಳಗೆ, ಕಿಟಕಿಯೂ ಇಲ್ಲ. ಕಣ್ಣು ಮುಚ್ಚಿದರೆ ನಮ್ಮ ಮನೆಯ ಗ್ಯಾಲರಿ, ಅಲ್ಲಿ ಸೊಂಟಕ್ಕೆ ಕೈಕೊಟ್ಟು ಸೀರೆ ಒಣಹಾಕುವ ಸುಧಾ. ತುಂಬಿದ ಆ ಹೊಟ್ಟೆಯನ್ನು ನಾನು ಒಮ್ಮೆಯೂ ಕಂಡಿರಲಿಲ್ಲ. ಸಂಜೆ ಜೋಡಿಗಳು ಕೈಹಿಡಿದು ಕುಣಿಯುವಾಗ ಅದನ್ನೇ ನೆನೆದು ನುಡಿಸುತ್ತಿದ್ದೆ. ಭಾವ ಚೆನ್ನಾಗಿದೆ ಎಂದು ಅವರು ಚಪ್ಪಾಳೆ ತಟ್ಟುತ್ತಿದ್ದರು.

ಹೆರಿಗೆಯ ಹೊತ್ತಿಗೆ ಮನೆ ಮುಟ್ಟಿಸಿರೆಂದು ಬೇಡಿ, ಏಳು ಗುರುವಾರ ಬಿಡದೆ ಉಪವಾಸ ಮಾಡುವೆನೆಂದು ರಾಯರಿಗೆ ಹರಕೆ ಹೊತ್ತೆ. ಆರು ಮುಗಿದವು. ಅಷ್ಟರಲ್ಲಿ ಹಡಗು ಅಮೆರಿಕದಿಂದ ಜಪಾನಿನತ್ತ ಹೋಗುತ್ತ ಅಂತರರಾಷ್ಟ್ರೀಯ ದಿನಾಂಕ ರೇಖೆ ದಾಟಿತು; ಪಶ್ಚಿಮಕ್ಕೆ ದಾಟಿದರೆ ಕ್ಯಾಲೆಂಡರಿನ ಒಂದು ದಿನ ಹಾರಿಹೋಗುತ್ತದೆ. ಬುಧವಾರ ಮಲಗಿದವರು ಶುಕ್ರವಾರ ಎದ್ದೆವು. ನಡುವಿನ ದಿನ ಯಾರಿಗೂ ಸಿಗಲಿಲ್ಲ.

"ಶುಕ್ರವಾರ ಮಾಡಿದರೆ ನಿಮ್ಮ ದೇವರಿಗೆ ನಡೆಯೋದಿಲ್ಲವೇನು? ನಮ್ಮವನಿಗೆ ಅದೇ ಬೇಕು" ಎಂದ ಡ್ರಮ್ ಬಾರಿಸುವ ಗೋವೆಯ ಕ್ರೈಸ್ತ ಗೆಳೆಯ. ನನಗೆ ನಗು ಬರಲಿಲ್ಲ.

ಯೋಕೊಹಾಮಾ ಬಂದರಿನಿಂದ ಮನೆಗೆ ಫೋನು ಮಾಡಿದೆ. ಅವ್ವ ಎತ್ತಿದಳು.

"ಅವ್ವಾ, ಹರಕಿ ಮುರೀತು. ಗುರುವಾರ ಬರಲೇ ಇಲ್ಲ."

"ಬರಲಿಲ್ಲಂದ್ರ? ಇಲ್ಲೆ ಬಂದಿತ್ತಲ್ಲೋ!"

"ಹಡಗಿನ್ಯಾಗ ಬರಲಿಲ್ಲ."

"ರಾಯರು ಮಂತ್ರಾಲಯದಾಗ ಇದ್ದಾರ, ನಿನ್ನ ಹಡಗಿನ್ಯಾಗಲ್ಲ. ಅವರಿಗೆ ಗುರುವಾರ ಬಂದದ. ನಾ ಪ್ರತಿವಾರದಂಗ ಅವತ್ತೂ ಉಪವಾಸ ಇದ್ದೆ. ತಗೋ, ಅದನ್ನ ನಿನ್ನ ಹರಕಿಗೆ ಹಚ್ಚೀನಿ. ಸುಮ್ಮನ ಅಳಬ್ಯಾಡ."

ಸುಧಾ ಫೋನು ತೆಗೆದುಕೊಂಡಳು. "ಯಾವಾಗ ಬರ್ತೀರಿ?" ಅಷ್ಟರಲ್ಲಿ ಫೋನ್ ಕಾರ್ಡಿನ ದುಡ್ಡು ಮುಗಿದು ಕರೆ ಕಡಿಯಿತು.

ಮರುದಿನ ಹಡಗು ಹೊರಡಲಿಲ್ಲ. ಎಂಜಿನ್ ಕೆಟ್ಟಿತ್ತು, ರಿಪೇರಿಗೆ ತಿಂಗಳು ಬೇಕಂತೆ. ಯಾತ್ರೆ ರದ್ದಾಗಿ ವಾದ್ಯದವರೆಲ್ಲರ ಕೈಗೂ ಊರಿನ ಟಿಕೆಟ್ಟು ಬಂತು. ಪ್ರವಾಸಿಗಳು ಕಂಪನಿಯನ್ನು ಶಪಿಸುತ್ತಿದ್ದರು. ಇದಕ್ಕೆಲ್ಲ ಕೋಥರೂಡದ ಒಬ್ಬ ಮುದುಕಿಯ ಉಪವಾಸ ಕಾರಣವೆಂದು ನಾನು ಯಾರಿಗೂ ಹೇಳಲಿಲ್ಲ.

ಮುಂಬೈಯಲ್ಲಿಳಿದು, ಬಸ್ಸು ಹಿಡಿದು ಪುಣೆಯ ಸ್ವಾರಗೇಟ್ ನಿಲ್ದಾಣಕ್ಕೆ, ಅಲ್ಲಿಂದ ರಿಕ್ಷಾದಲ್ಲಿ ಮನೆಗೆ. ಬೀಗ ಹಾಕಿತ್ತು. ಬೆಳಿಗ್ಗೆಯೇ ದವಾಖಾನೆಗೆ ಹೋದರೆಂದು ನೆರೆಯವರು ಮರಾಠಿಯಲ್ಲಿ ಹೇಳಿದರು. ವಯೊಲಿನ್ ಪೆಟ್ಟಿಗೆಯೊಂದಿಗೇ ಓಡಿದೆ. ನೋವಿನಲ್ಲಿದ್ದ ಸುಧಾ ನನ್ನನ್ನು ಕಂಡು, "ಎಷ್ಟು ಸೊರಗೀರಿ!" ಎಂದಳು. ಆಮೇಲೆ ನನ್ನ ಕೈ ಹಿಡಿದವಳು, ನರ್ಸ್ ಬಂದು ಬಿಡಿಸುವವರೆಗೆ ಬಿಡಲಿಲ್ಲ.

ಅವ್ವನ ಉಪವಾಸವನ್ನು ನನ್ನದೆಂದು ಒಪ್ಪಿಕೊಂಡ ಗುರುಗಳ ಕರುಣೆಯನ್ನು ಹೇಗೆ ಕೊಂಡಾಡಲಿ! ಕರೆದರೆ ಕೇಳುತ್ತಾರೆಂಬುದರಲ್ಲಿ ನನಗೀಗ ಸಂಶಯವಿಲ್ಲ.

ಅಂದು ಸಂಜೆ ಹೆಣ್ಣು ಮಗು ಹುಟ್ಟಿತು. ತಾಯಿ, ಮಗು ಇಬ್ಬರೂ ಉಳಿದರು. ನಾನು ಬಾಗಿಲ ಹೊರಗೇ ಇದ್ದೆ.