ಮಣಿಯಗಾರರ ಕೆಮ್ಮಿನ ಪಾಠ

ಬತ್ತಲಗುಂಡಿನ ಮುದುಕರ ಸತ್ರದಲ್ಲಿ ಜಾಗ ಬೇಕಾದವರು ಮೊದಲು ಅದರ ಮೇಲ್ವಿಚಾರಣೆ ನೋಡುವ ಮಣಿಯಗಾರ ಮಲ್ಲಯ್ಯ ಗೌಂಡರ ಮುಂದೆ ಕೆಮ್ಮಬೇಕು. ಕೆಮ್ಮು ಬಾರದಿದ್ದರೆ ಅವರು ಕೆಂಡದ ಮೇಲೆ ಒಣಮೆಣಸಿನಕಾಯಿ ಹಾಕಿಸುತ್ತಾರೆ. ಆಗಲೂ ಕೆಮ್ಮದವನು ಕ್ಷಯವನ್ನು ಬಚ್ಚಿಟ್ಟಿದ್ದಾನೆಂದೇ ಲೆಕ್ಕ. ಮದರಾಸಿನ ಡಾಕ್ಟರರು ಎದೆಗೆ ಕೊಳವೆ ಇಟ್ಟು ಕೇಳುತ್ತಾರಂತೆ ಎಂದು ಯಾರಾದರೂ ಅಂದರೆ, ಕಿವಿ ಮಂದವಾದವರಿಗೆ ಕೊಳವೆ ಬೇಕಾಗುತ್ತದೆ ಎನ್ನುತ್ತಾರೆ. ಸತ್ರದ ಆಳುಗಳಿಗೆ ಶುಕ್ರವಾರ ಶುಕ್ರವಾರ ಪಾಠ. ಅಡಿಗೆಯವನು, ಕಸ ಗುಡಿಸುವವಳು, ಕಾವಲುಗಾರ ಸಾಲಾಗಿ ಕೂರುತ್ತಾರೆ. ಗೌಂಡರು ಪಂಚೆ ಎತ್ತಿ ಕಟ್ಟಿ ಒಂದೊಂದೇ ಕೆಮ್ಮಿ ತೋರಿಸುತ್ತಾರೆ. "ಇದು ಸುರುಟ್ಟು ಸೇದೋನ ಕೆಮ್ಲು, ಒಳಕ್ಕೆ ಬುಡು. ಇದು ಮಾವನ ಕೆಮ್ಲು, ಸೊಸೆ ಎದ್ದು ನಿಂತ್ಕೊಳ್ಲಿ ಅಂತ, ಬುಡು. ಇದು ಕೂಳು ಸಾಲ್ದು ಅನ್ನೋ ಕೆಮ್ಲು, ಕೇಳದಂಗೆ ಇರು." ಕೊನೆಗೆ ಕ್ಷಯದ ಕೆಮ್ಮು. ಕಂಬ ಹಿಡಿದು, ಬಾಗಿ, ಉಸಿರು ಸಿಕ್ಕದೆ ಅವರು ಅದನ್ನು ಕೆಮ್ಮುವಾಗ ಕಾವಲುಗಾರ ಹಿಂದಕ್ಕೆ ಸರಿದು ಕೂರುತ್ತಾನೆ. ಪ್ರತಿ ಸಲವೂ ಆಗಲೇ ಒಳಗಿನಿಂದ ಅವರ ತಾಯಿ, ಕಣ್ಣು ಕಾಣದ ಪಳನಿಯಮ್ಮಾಳ್, ಗೋಡೆ ತಡವುತ್ತ ಬಿಸಿನೀರಿನ ಚೆಂಬು ತರುತ್ತಾರೆ. "ಕುಡಿಯಪ್ಪ ಅಳಗರ್, ಮೆಲ್ಲಕ್ಕೆ ಕುಡಿ." ಅಳಗರ್ ಎಂದರೆ ಗೌಂಡರ ತಮ್ಮ, ಇದೇ ಕೆಮ್ಮಿನಲ್ಲಿ ತೀರಿಕೊಂಡು ಬಹಳ ಕಾಲವಾಯಿತು. ಗೌಂಡರು ತಾವು ಯಾರೆಂದು ಹೇಳುವುದಿಲ್ಲ. ನೀರನ್ನೆಲ್ಲ ಮೆಲ್ಲಗೆ ಕುಡಿದು, ಚೆಂಬನ್ನು ತಾಯಿಯ ಕೈಗೆ ಕೊಟ್ಟು, ತಮ್ಮನ ದನಿಯಲ್ಲಿ "ಸಾಕವ್ವ" ಎನ್ನುತ್ತಾರೆ.