ಮೂರು ಡೇಟಾಬೇಸ್‌ಗಳ ವರದಿ ಮತ್ತು ನಮ್ಮ ಸರ್

ಬಿಸಿಎ ಮುಗಿಸಿ ನಾನು ಸೇರಿದ ಮೊದಲ ಕೆಲಸವೇ ಇಂದಿಗೂ ನನ್ನ ಕೆಲಸ. ಹೊಸಪೇಟೆ ಬದಿಯ ಚಿತ್ತವಾಡ್ಗಿಯ ನಮ್ಮ ಮನೆಯಿಂದ ಆಫೀಸಿಗೆ ಶೇರ್ ಆಟೋದಲ್ಲಿ ಹತ್ತು ನಿಮಿಷದ ದಾರಿ. ಮಾಲೀಕರಿಗೆ ಮೂರು ಊರಿನಲ್ಲಿ ಮೂರು ವ್ಯವಹಾರ. ಸಂಡೂರಿನಲ್ಲಿ ಅದಿರಿನ ಲಾರಿ ತೂಗುವ ಕಾಟಾ, ಕಂಪ್ಲಿಯಲ್ಲಿ ಅಕ್ಕಿ ಗಿರಣಿ, ಹೊಸಪೇಟೆಯಲ್ಲಿ ಲಾರಿಗಳನ್ನು ಬಾಡಿಗೆಗೆ ಕಳಿಸುವ ಈ ಆಫೀಸು. ಮಾಲೀಕರನ್ನು ನಾವೆಲ್ಲ ಸಾವ್ಕಾರ್ರು ಅನ್ನುತ್ತೇವೆ.

ಮೂರೂ ಕಡೆಯ ಕಂಪ್ಯೂಟರಿನಲ್ಲಿದ್ದದ್ದು ಒಬ್ಬರೇ ಬರೆದ ಪ್ರೋಗ್ರಾಂ. ಅವರನ್ನು ನಾನು ಸರ್ ಅನ್ನುತ್ತಿದ್ದೆ. ಮೊದಲು ಸಂಡೂರಿನ ಕಾಟಾದಲ್ಲಿ ತೂಕದ ಚೀಟಿ ಹರಿದುಕೊಡುತ್ತಿದ್ದವರು ಅವರು. ಹಳೆ ಪುಸ್ತಕವೊಂದನ್ನು ಇಟ್ಟುಕೊಂಡು ಫಾಕ್ಸ್‌ಪ್ರೋ ಎಂಬ ಹಳೆಯ ಕಾಲದ ಪ್ರೋಗ್ರಾಂ ಭಾಷೆ ಕಲಿತು, ಲಾರಿ ನಂಬರು, ತೂಕ, ಡ್ರೈವರು, ಭತ್ತ ತಂದ ರೈತ, ಚೀಲ, ಎಲ್ಲವನ್ನೂ ಒಂದು ಕಪ್ಪು ಪರದೆಯೊಳಗೆ ಕೂರಿಸಿದ್ದರು. ಮೌಸ್ ಬೇಕಿರಲಿಲ್ಲ. ಎಲ್ಲಾ ಕೀಲಿಮಣೆಯ ಮೇಲೇ.

ಕಾಲೇಜಿನಲ್ಲಿ ನಾನು ಕಂಠಪಾಠ ಮಾಡಿದ್ದಕ್ಕೆ ಅರ್ಥ ಹೇಳಿಕೊಟ್ಟವರು ಅವರೇ. ಟೇಬಲ್ಲಿನಲ್ಲಿ ಪ್ರತಿ ಸಾಲಿಗೂ ಬೇರೆ ನಂಬರು ಯಾಕೆ ಬೇಕು ಎಂದು ಕೇಳಿದಾಗ ಗಿರಣಿಯ ಚೀಲಗಳ ಮುಂದೆ ನಿಲ್ಲಿಸಿ, "ಚೀಟಿ ಇಲ್ಲದ ಚೀಲ ಯಾರ್ದು ಹೇಳು ನೋಡೋಣ" ಅಂದಿದ್ದರು. ನನ್ನನ್ನು ಯವ್ವಾ ಎಂದೇ ಕರೆಯುತ್ತಿದ್ದರು. ಅಪ್ಪ ಇಲ್ಲದ ನನಗೆ ಆ ಕರೆ ಹಿತವಾಗಿತ್ತು.

ನಾನು ಸೇರಿ ಆರು ವರ್ಷವಾಗಿತ್ತು. ಒಂದು ಬೆಳಿಗ್ಗೆ ಸಾವ್ಕಾರ್ರು ನಮ್ಮಿಬ್ಬರನ್ನೂ ಒಳಗೆ ಕರೆದರು. "ಮೂರೂ ಊರಿಂದು ಒಂದ ಕಡೆ ಕಾಣ್ಬೇಕು. ನಾ ಎಲ್ಲಿದ್ರೂ ಮೊಬೈಲ್ನಾಗ ನೋಡಂಗಿರ್ಬೇಕು. ಬೆಂಗ್ಳೂರಿನ ಕಂಪನಿಯವ್ರು ಪ್ರೋಗ್ರಾಂ ಮಾಡಿಕೊಡ್ತಾರಂತ, ಡೇಟಾಬೇಸ್ ಯಾವ್ದು ಅಂತ ನಾವ ಹೇಳ್ಬೇಕಂತ" ಅಂದರು. ಆಮೇಲೆ ಸರ್ ಕಡೆಗಲ್ಲ, ನನ್ನ ಕಡೆ ತಿರುಗಿದರು. "ಯಾವ್ದು ಚಲೋ ಅಂತ ನೀನ ನೋಡಿ ಬರ್ಕೊಡು."

ಸರ್ ಹೊರಗೆ ಬಂದ ಮೇಲೆ ಚಹಾ ತರಿಸಿ, "ಚಲೋ ಆತು ಬಿಡು, ಕಲೀಲಿಕ್ಕೆ ಒಂದು ಅವಕಾಶ" ಅಂದರು. ಅವರನ್ನು ಬಿಟ್ಟು ನನಗೆ ಒಪ್ಪಿಸಿದ್ದು ನನಗೆ ಒಳಗೊಳಗೇ ಹೆಮ್ಮೆ ಅನಿಸಿತ್ತು. ಅದನ್ನು ಈಗ ಮುಚ್ಚಿಟ್ಟು ಏನಾಗಬೇಕು?

ಪರೀಕ್ಷೆ ಮಾಡಲು ಮೂರು ಡೇಟಾಬೇಸ್‌ಗಳನ್ನು ಆರಿಸಿಕೊಂಡೆ. ಲೈಸೆನ್ಸ್ ಕೊಳ್ಳಬೇಕಾದ ಎಸ್‌ಕ್ಯೂಎಲ್ ಸರ್ವರ್, ಲೈಸೆನ್ಸಿಗೆ ದುಡ್ಡು ಕೊಡದೆ ಬಳಸಬಹುದಾದ ಮೈಎಸ್‌ಕ್ಯೂಎಲ್ ಮತ್ತು ಪೋಸ್ಟ್‌ಗ್ರೆಸ್. ಆಫೀಸಿನ ಮೂರು ಕಂಪ್ಯೂಟರುಗಳಿಗೆ ಒಂದೊಂದು ಹಾಕಿ, ಸರ್ ಕಟ್ಟಿದ್ದ ಹಳೆಯ ಮಾಹಿತಿಯನ್ನೆಲ್ಲ ಮೂರಕ್ಕೂ ತುಂಬಿದೆ. ಒಂದು ಲಾರಿಯ ಮೂರು ವರ್ಷದ ಟ್ರಿಪ್ಪುಗಳನ್ನು ಕೇಳಿದರೆ ಯಾವುದು ಎಷ್ಟು ಬೇಗ ಕೊಡುತ್ತದೆ, ಹೆಸರುಗಳನ್ನು ಕನ್ನಡದಲ್ಲೇ ಬರೆದರೆ ಅಕಾರಾದಿಯಾಗಿ ಸರಿಯಾಗಿ ಜೋಡಿಸುತ್ತದೆಯೇ, ಸಂಡೂರಿನವನೂ ಕಂಪ್ಲಿಯವನೂ ಒಂದೇ ಹೊತ್ತಿಗೆ ಒಂದೇ ಲಾರಿಯ ಸಾಲನ್ನು ತಿದ್ದಿದರೆ ಏನಾಗುತ್ತದೆ, ಹೀಗೆ ಹತ್ತು ಪ್ರಶ್ನೆ ಬರೆದುಕೊಂಡೆ. ಬರೆಯುತ್ತಿರುವಾಗಲೇ ವೈರು ಕಿತ್ತು, ಮತ್ತೆ ಕರೆಂಟು ಕೊಟ್ಟು, ಅರ್ಧ ಬರೆದದ್ದು ಕೆಟ್ಟ ಸಾಲಾಗಿ ಉಳಿಯಿತೋ ಇಲ್ಲವೋ ನೋಡಿದೆ, ಹಾಗೆ ಉಳಿಯಬಾರದು. ಮೂರೂ ಗೆದ್ದವು. ಅರ್ಧಂಬರ್ಧ ಒಂದು ಸಾಲೂ ಸಿಗಲಿಲ್ಲ. ಖುಷಿಯಲ್ಲಿ ಸರ್ ಅವರನ್ನು ಕೂಗಿದೆ.

"ಬರ್ರಿ ಸರ್, ನೋಡ್ರಿ ಇಲ್ಲಿ."

ಅವರು ಕುರ್ಚಿಯಿಂದ ಏಳಲಿಲ್ಲ. "ನೀ ಓದಿ ಹೇಳು, ನಾ ಕೇಳ್ತೀನಿ."

ಎರಡು ಮೂರು ಸಲ ಹೀಗೇ ಆಯಿತು. ಹೊಸ ಪರದೆಯ ಮುಂದೆ ಅವರು ಒಂದು ದಿನವೂ ಕೂರಲಿಲ್ಲ. ತಾವು ಕಟ್ಟಿದ್ದು ಹೋಗುತ್ತದಲ್ಲ ಎಂಬ ಬಿಗುಮಾನ ಅಂದುಕೊಂಡೆ. ನನಗೂ ಸಿಟ್ಟು ಬರತೊಡಗಿತು.

ಆ ದಿನಗಳಲ್ಲೇ ಇನ್ನೊಂದು ಸಂಗತಿ ಸಿಕ್ಕಿತು. ಹಳೆಯದರಲ್ಲಿ ಹೆಸರುಗಳೆಲ್ಲ ಇಂಗ್ಲಿಷ್ ಅಕ್ಷರದಲ್ಲಿದ್ದವು. ಕಂಪ್ಲಿಯ ಒಬ್ಬ ರೈತನ ಹೆಸರು ನಾಲ್ಕು ಥರದ ಸ್ಪೆಲ್ಲಿಂಗಿನಲ್ಲಿ ನಾಲ್ಕು ಕಡೆ ಇತ್ತು. ಹೊಸದರ ಪಾಲಿಗೆ ನಾಲ್ಕು ಜನ ರೈತರು. ಸರ್‌ಗೆ ಓದಿ ಹೇಳಿದರೆ ಅವರು ತಡಮಾಡದೆ, "ನಾಕೂ ಒಬ್ಬಾತನ. ಮೂರನೇದ್ರಾಗ ಮಾತ್ರ ಅವ್ರ ತಮ್ಮಂದು ಎರಡು ಲೋಡ್ ಸೇರ್ಯಾವು, ಅವ್ನ ಬ್ಯಾರೆ ಮಾಡು" ಅಂದರು. ಇಂಥವು ನೂರಾರಿದ್ದವು. ಎಲ್ಲವೂ ಅವರ ತಲೆಯಲ್ಲಿ. ಕಾಗದದ ಮೇಲೆ ಒಂದೂ ಇರಲಿಲ್ಲ.

ವರದಿ ಬರೆದೆ. ಪೋಸ್ಟ್‌ಗ್ರೆಸ್ ನಮಗೆ ಹೊಂದುತ್ತದೆ ಅಂದೆ. ಉಳಿದೆರಡೂ ಕೆಟ್ಟವಲ್ಲ, ನಮ್ಮಷ್ಟು ಕೆಲಸಕ್ಕೆ ಯಾವುದಾದರೂ ನಡೆಯುತ್ತದೆ ಎಂದೂ ಬರೆದೆ. ಕೊನೆಗೆ, ಈಗಿನ ವ್ಯವಸ್ಥೆಯನ್ನು ಯಾಕೆ ಬಿಡಬೇಕು ಎಂಬಲ್ಲಿ ಇಂಗ್ಲಿಷಿನಲ್ಲಿ ಒಂದು ಸಾಲು ಸೇರಿಸಿದೆ. ಈಗಿನದು ಒಬ್ಬ ವ್ಯಕ್ತಿಯ ನೆನಪಿನ ಮೇಲೆ ನಿಂತಿದೆ, ಇದು ಸಂಸ್ಥೆಗೆ ಅಪಾಯ. ಇಷ್ಟೇ. ಓದಿದರೆ ಗತ್ತಾಗಿ ಕಾಣುತ್ತಿತ್ತು. ಅದನ್ನು ಸಾವ್ಕಾರ್ರಿಗೂ ಬೆಂಗಳೂರಿನವರಿಗೂ ಕಳಿಸಿ ಮನೆಗೆ ಹೋಗಿ ನೆಮ್ಮದಿಯಾಗಿ ಊಟ ಮಾಡಿದೆ.

ಹದಿನೈದು ದಿನದ ಮೇಲೆ ಸಾವ್ಕಾರ್ರು ಸರ್ ಅವರನ್ನು ಒಬ್ಬರನ್ನೇ ಕರೆದರು. ಹೊರಗೆ ಬಂದಾಗ ಸರ್ ಗೋಡೆ ಹಿಡಿದು ಮೆಟ್ಟಿಲಿಳಿಯುತ್ತಿದ್ದರು. ನಾನು ಕೆಳಗೆ ನಿಂತಿದ್ದೆ.

"ಎರಡು ತಿಂಗಳದಾಗ ಎಲ್ಲಾ ನಿನಗ ಒಪ್ಪಿಸಿ ಮನ್ಯಾಗ ಆರಾಮ ಇರು ಅಂದ್ರು" ಅಂದರು. ಆಮೇಲೆ ದನಿ ತಗ್ಗಿಸಿ, "ವರದಿಯಾಗಿಂದು ಒಂದು ಸಾಲು ಓದಿ ಹೇಳಿದ್ರು. ಅದನ್ನ ನೀ ಬರದ್ಯಾ?" ಎಂದು ಕೇಳಿದರು.

"ಇಲ್ರೀ ಸರ್. ಬೆಂಗ್ಳೂರಿನವ್ರು ಆಮ್ಯಾಲೆ ಸೇರ್ಸ್ಯಾರ."

ಎಷ್ಟು ಸಲೀಸಾಗಿ ಬಂತು ಆ ಸುಳ್ಳು!

"ಹೌದಾ? ಹಂಗಾದ್ರ ಸರಿ" ಅಂದು ಅವರು ಆಟೋ ಹುಡುಕಿಕೊಂಡು ಹೋದರು.

ಒಪ್ಪಿಸುವ ಕೆಲಸ ಕಂಪ್ಲಿಯ ಗಿರಣಿಯಲ್ಲಿ ಶುರುವಾಯಿತು. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಜೊತೆಗೇ ಹೋಗುತ್ತಿದ್ದೆವು. ಕಮಲಾಪುರ ದಾಟಿದ ಮೇಲೆ ಬಾಳೆ ತೋಟಗಳು ಬರುತ್ತಿದ್ದವು, ಸರ್ ಕಿಟಕಿಯ ಕಡೆ ಮುಖ ಮಾಡಿ ಕೂತಿರುತ್ತಿದ್ದರು. ಒಂದು ತಕರಾರಿಲ್ಲ, ಒಂದು ಕೊಂಕು ಮಾತಿಲ್ಲ. ಯಾವ ರೈತ ಯಾರ ಅಳಿಯ, ಯಾವ ಲಾರಿಯ ನಂಬರು ಯಾವಾಗ ಬದಲಾಯಿತು, ಎಲ್ಲವನ್ನೂ ಹೇಳುತ್ತಾ ಹೋದರು, ನಾನು ಬರೆದುಕೊಳ್ಳುತ್ತಾ ಹೋದೆ.

ಎರಡನೇ ವಾರ, ತಿದ್ದಿದ ಪಟ್ಟಿಯ ಒಂದು ಹಾಳೆಯನ್ನು ಪ್ರಿಂಟ್ ತೆಗೆದು ಅವರ ಕೈಗೆ ಕೊಟ್ಟೆ. ಅವಸರದಲ್ಲಿ ಹಿಂಬದಿ ಮೇಲೆ ಮಾಡಿ ಕೊಟ್ಟಿದ್ದೆ. ಅವರು ಬರೀ ಬಿಳಿ ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು, ಮೇಲಿಂದ ಕೆಳಗೆ ಬೆರಳಾಡಿಸಿ, "ಹ್ಞಾ, ಸರಿ ಐತಿ" ಅಂದರು.

ನಾನು ಬಗ್ಗಿ ಹಾಳೆಯನ್ನು ಇನ್ನೊಮ್ಮೆ ನೋಡಿದೆ.

"ಸರ್, ಹಾಳಿ ಖಾಲಿ ಐತ್ರಿ."

ಒಳಗೆ ಗಿರಣಿ ಓಡುತ್ತಿತ್ತು. ಅವರು ಹಾಳೆಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು.

"ಎಷ್ಟ್ ದಿನ ಆತ್ರಿ?"

"ಎರಡು ವರ್ಷದ ಮ್ಯಾಲಾತವ್ವ. ಶುಗರ್ ಐತಲ್ಲ, ಅದು ಕಣ್ಣಿಗೆ ಬಂದಂಗೈತಿ. ನಡುವ ಎಲ್ಲಾ ಮಬ್ಬು, ಅಂಚಿನ್ಯಾಗ ಒಂದೀಟು ಕಾಣ್ತೈತಿ."

"ಮತ್ತ ಇಷ್ಟು ದಿನ ಕೆಲ್ಸ ಹೆಂಗ ಮಾಡಿದ್ರಿ?"

"ಹಳೇದು ನನ್ನ ಬೆರಳಿಗೆ ಗೊತ್ತಿತ್ತಲ್ಲ. ಎಫ್ ಎರಡು ಒತ್ತಿದ್ರ ಲಾರಿ ನಂಬರು, ಮೂರು ಸಲ ಎಂಟರ್ ಹೊಡದ್ರ ತೂಕ. ಉಳಿದದ್ದು ಕಾಟಾದವ್ರು ಫೋನಿನ್ಯಾಗ ಓದಿ ಹೇಳ್ತಿದ್ರು. ನಿನ್ನ ಹೊಸದ್ರಾಗ ಆ ಮೌಸಿನ ಬಾಣ ಎಲ್ಲಿ ಓಡಾಡ್ತೈತೋ ನನಗ ಕಾಣಂಗಿಲ್ಲ."

"ನನಗರ ಹೇಳ್ಬಾರ್ದಿತ್ತೇನ್ರಿ? ದವಾಖಾನಿಗೆ ಹೋಗ್ಬಾರ್ದಿತ್ತೇನ್ರಿ?"

"ಕಣ್ಣು ಕಾಣಂಗಿಲ್ಲ ಅಂದ್ರ ಕಂಪ್ಯೂಟರ್ ಮುಂದ ಯಾರು ಕುಂದ್ರಿಸ್ತಾರ? ರಜಾ ಹಾಕಿದ್ರ ಸುದ್ದಿ ಆಗ್ತೈತಿ ಅಂತ ಹೋಗ್ಲಿಲ್ಲ."

ಮಾರನೆಯ ದಿನವೇ ನಾನು ಸಾವ್ಕಾರ್ರ ಮುಂದೆ ನಿಂತು ಸರ್ ಕಣ್ಣಿನ ಸಂಗತಿ ಹೇಳಿದೆ. ಸರ್ ಕೂತಲ್ಲೇ ಕೂತು ನೆನಪಿನಿಂದ ಹೇಳಿದರೂ ನಮಗೆ ಎಷ್ಟೋ ಉಪಯೋಗ, ಅವರನ್ನು ಉಳಿಸಿಕೊಳ್ಳಿ ಎಂದು ಬೇಡಿಕೊಂಡೆ. ಸಾವ್ಕಾರ್ರು ಕೆಟ್ಟ ಮನುಷ್ಯರಲ್ಲ. ಕೇಳಿ ನೊಂದುಕೊಂಡರು. ಆದರೆ, "ನೀನ ಬರದೀಯಲ್ಲವ್ವ, ಒಬ್ಬರ ನೆನಪಿನ ಮ್ಯಾಲೆ ಇರಬಾರ್ದು ಅಂತ. ಈಗ ಕಣ್ಣೂ ಇಲ್ಲ ಅಂತೀ" ಅಂದರು. ನಾನು ಹೊರಗೆ ಬಂದೆ.

ಹೊಸಪೇಟೆಯ ಕಣ್ಣಿನ ದವಾಖಾನೆಗೆ ಸರ್ ಅವರನ್ನು ನಾನೇ ಕರೆದುಕೊಂಡು ಹೋದೆ. ಕಣ್ಣಿಗೆ ಔಷಧಿ ಹನಿ ಹಾಕಿ ಹೊರಗೆ ಬೆಂಚಿನ ಮೇಲೆ ಕೂರಿಸಿದ್ದರು. ಕಣ್ಣು ಮುಚ್ಚಿ ಕೂತಿದ್ದ ಅವರ ಪಕ್ಕದಲ್ಲಿ ನಾನು ಹೇಳಿದೆ.

"ಸರ್, ಆ ಸಾಲು ನಾನ ಬರದದ್ದು."

"ಗೊತ್ತೈತಿ. ನನ್ನ ನೆನಪಿನ ಸುದ್ದಿ ಬೆಂಗ್ಳೂರಿನವ್ರಿಗೆ ಎಲ್ಲಿ ಗೊತ್ತಿರ್ತೈತಿ?"

ನಾನು ಅಳತೊಡಗಿದೆ. ಅವರು ಕಣ್ಣು ತೆರೆಯಲಿಲ್ಲ.

"ಸಾಲೇನು ಸುಳ್ಳಲ್ಲ. ಖರೇನ ಬರದೀ. ಆದ್ರ ಬರಿಯೋಕಿಂತ ಮುಂಚೆ ನನ್ನ ಒಂದು ಮಾತು ಕೇಳ್ಬೇಕಿತ್ತು ನೀನು." ಯವ್ವಾ ಅನ್ನಲಿಲ್ಲ.

ಡಾಕ್ಟರು ನೋಡಿ, ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳೋಣ ಅಂದರು. ಎರಡು ವರ್ಷ ಮೊದಲೇ ಬಂದಿದ್ದರೆ ಬೇರೆ ಮಾತಿತ್ತಂತೆ. ಲೇಸರ್ ಆಯಿತು, ಕಣ್ಣಿಗೆ ಇಂಜೆಕ್ಷನ್ನೂ ಆಯಿತು. ಎರಡು ತಿಂಗಳು ಮುಗಿದಾಗ ಆಫೀಸಿನಲ್ಲಿ ಶಾಲು, ಹಾರ, ಹಣ್ಣಿನ ಬುಟ್ಟಿ. ಸರ್ ನಮಸ್ಕಾರ ಮಾಡಿ ಹೋದರು. ಮರಿಯಮ್ಮನಹಳ್ಳಿಯಲ್ಲಿ ಅವರ ಹೆಂಡತಿಯ ತವರಿನವರ ಓಣಿಯಲ್ಲಿ ಮನೆ ಮಾಡಿದರು.

ಹೊಸದು ಚೆನ್ನಾಗಿ ನಡೆಯುತ್ತಿದೆ. ಸಂಡೂರಿನಲ್ಲಿ ತೂಗಿದ ಲಾರಿ ಮರುಗಳಿಗೆಯೇ ಸಾವ್ಕಾರ್ರ ಮೊಬೈಲಿನಲ್ಲಿ ಕಾಣುತ್ತದೆ. ಒಂದು ಸಾಲೂ ಕಳೆದಿಲ್ಲ. ಬಂದವರ ಮುಂದೆ ಅವರು ನನ್ನನ್ನು ಹೊಗಳುತ್ತಾರೆ. ನಾನು ಏನೋ ಕೆಲಸದ ನೆಪ ಹೇಳಿ ಎದ್ದು ಹೋಗುತ್ತೇನೆ.

ಈಗಲೂ ಕೆಲವು ಭಾನುವಾರ ಮರಿಯಮ್ಮನಹಳ್ಳಿಗೆ ಹೋಗುತ್ತೇನೆ. ಹೋದ ಸಲ ಸರ್ ಕಟ್ಟೆಯ ಮೇಲೆ ಕೂತಿದ್ದರು. ನಾನು ಮಾತಾಡುವ ತನಕ ಯಾರೆಂದು ತಿಳಿಯಲಿಲ್ಲ. ತಿಳಿದ ಮೇಲೆ, "ಬಾ, ಕುಂದ್ರು" ಅಂದು ಒಳಗಿದ್ದ ಹೆಂಡತಿಗೆ ಚಹಾ ಹೇಳಿದರು. ನಮ್ಮಮ್ಮನ ಮಂಡಿನೋವಿನ ಬಗ್ಗೆ ಕೇಳಿದರು. ಈ ಸಲ ಮಳೆ ಹಿಂದಾಯಿತು ಅಂದರು. ಆಫೀಸಿನ ಸುದ್ದಿ ಅವರು ಕೇಳಲಿಲ್ಲ, ನಾನೂ ತೆಗೆಯಲಿಲ್ಲ. ಹೈವೇ ಮೇಲೆ ಲಾರಿಗಳು ಹೋಗುತ್ತಲೇ ಇದ್ದವು. ಚಹಾ ಮುಗಿದ ಮೇಲೂ ಸ್ವಲ್ಪ ಹೊತ್ತು ಕೂತಿದ್ದೆ. ಆಮೇಲೆ ಬಸ್ಸಿಗೆ ಹೊತ್ತಾಯಿತು ಎಂದು ಎದ್ದೆ.