ಗೊಣಗುವ ಹಕ್ಕಿನ ಬೆಲೆ ಎಂಟು ಯೂರೋ

ಎರ್ಸಿಲಿಯಾ ಗಿಲ್ಯೋನೆ ಮೂವತ್ತೊಂದು ವರ್ಷ ಲಿಫ್ಟಿನೊಳಗೆ ಕಳೆದಳು. ಜೆನೋವಾದಲ್ಲಿ ಒಂದು ಬೀದಿಯ ನೆತ್ತಿಯ ಮೇಲೆ ಇನ್ನೊಂದು ಬೀದಿ ಕೂತಿರುವುದರಿಂದ, ಕೆಳಗಿನವರು ಮೇಲಿನವರನ್ನು ಮಾತಾಡಿಸಲು ಹೋಗಬೇಕೆಂದರೆ ನಗರಸಭೆಯ ಲಿಫ್ಟೇ ಗತಿ. ಅಂಥದೊಂದರಲ್ಲಿ ಗುಂಡಿ ಒತ್ತುವ ಕೆಲಸ ಅವಳದು. ಜನ ತಾವೇ ಗುಂಡಿ ಒತ್ತಿಕೊಳ್ಳಬಲ್ಲರು ಎಂಬ ಸಂಗತಿ ಮೂವತ್ತೊಂದು ವರ್ಷದ ನಂತರ ನಗರಸಭೆಯವರಿಗೆ ಹೊಳೆಯಿತು. ಒಂದು ಹೂಗುಚ್ಛ ಕೊಟ್ಟು ಅವಳನ್ನು ಮನೆಗೆ ಕಳಿಸಿದರು. ಮನೆ ಇದ್ದದ್ದು ಬಂದರಿನ ಹಿಂದಿನ ಓಣಿಯಲ್ಲಿ, ಐದನೆಯ ಮಹಡಿಯಲ್ಲಿ. ನೂರನಾಲ್ಕು ಮೆಟ್ಟಿಲು. ಆ ಕಟ್ಟಡಕ್ಕೆ ಲಿಫ್ಟ್ ಇಲ್ಲ.

ಮದುವೆಯಾಗಿರಲಿಲ್ಲ. ಇಡೀ ಊರನ್ನು ಮೇಲೆ ಕೆಳಗೆ ಮಾಡಿದವಳಿಗೆ ಕಿಟಕಿಯಲ್ಲಿ ಕೂತು ಒಣಗಿದ ಬಟ್ಟೆ ನೋಡುವುದು ಸರಿಬರಲಿಲ್ಲ. ಹಾಗಾಗಿ ಬಂದರು ಕಾರ್ಮಿಕರ ಹಳೆಯ ಸಹಾಯ ಸಂಘದ ಭಾನುವಾರದ ಪ್ರವಾಸಗಳನ್ನು ತಾನೇ ವಹಿಸಿಕೊಂಡಳು. ಸಂಘದ ಹಲಗೆಯ ಮೇಲೆ ಅವಳು ಬರೆಯುತ್ತಿದ್ದದ್ದು ಇಷ್ಟೇ: ಯಾರೂ ಹೋಗದ ಊರಿಗೆ. ಬೆಳಿಗ್ಗೆ ಹೋಗಿ ಸಂಜೆ ವಾಪಸು. ಮೆಟ್ಟಿಲಿಲ್ಲ, ಏರುದಾರಿ ಇಲ್ಲ. ಮೂವತ್ತೆಂಟು ಯೂರೋ.

ಹೆಸರುವಾಸಿ ಊರುಗಳು ಅವಳಿಗೆ ಬೇಡವಾಗಿದ್ದವು. ಕಡಲ ಬದಿಯ ಆ ಚೆಂದದ ಹಳ್ಳಿಗಳಿಗೆ ಜಗತ್ತಿನ ಮೂಲೆಮೂಲೆಯಿಂದ ಜನ ಬಂದು, ಎರಡೆರಡು ಕೋಲು ಹಿಡಿದು, ಬೆವರು ಸುರಿಸುತ್ತ ಗುಡ್ಡ ಹತ್ತುತ್ತಿದ್ದರು. ಅದಕ್ಕೆ ದುಡ್ಡೂ ಕೊಡುತ್ತಿದ್ದರು.

"ಗುಡ್ಡ ಹತ್ತೋಕೆ ದುಡ್ಡು ಕೊಡ್ತಾರಂತೆ," ಎನ್ನುತ್ತಿದ್ದ ಬಂದರಿನಲ್ಲಿ ಕ್ರೇನ್ ನಡೆಸಿ ನಿವೃತ್ತನಾದ ಅಗೊಸ್ತಿನೋ. "ನಮ್ಮನೇಗೆ ಬರ್ಲಿ. ಬಿಟ್ಟಿ ಹತ್ತಿಸ್ತೀನಿ. ಬರ್ತಾ ನೀರಿನ ಬಾಟ್ಲಿನೂ ಎತ್ಕೊಂಡ್ ಬರ್ಲಿ."

ಸಂಘದವರು ಯಾರೂ ಮೆಟ್ಟಿಲು ಹತ್ತಲಾರದವರಲ್ಲ. ತರಕಾರಿ ಚೀಲ ಹೊತ್ತು ದಿನಕ್ಕೆ ಎರಡು ಸಲ ಎಂಬತ್ತು, ತೊಂಬತ್ತು ಹತ್ತುವವರೇ. ಆದರೆ ಭಾನುವಾರ ಹಣ ಕೊಟ್ಟ ಮೇಲೆ ಒಂದು ಮೆಟ್ಟಿಲು ಎದುರಾದರೂ ಅದು ಅವಮಾನ. ಅದನ್ನು ಬಾಯಿಬಿಟ್ಟು ಹೇಳುವುದೂ ಮರ್ಯಾದೆಗೆ ಕಡಿಮೆ. "ನನಗೇನಿಲ್ಲಪ್ಪ, ಪಿನುಚ್ಚಾಗೆ ಮಂಡಿನೋವು ನೋಡು," ಎಂದು ಅಗೊಸ್ತಿನೋ ಹೇಳಿದರೆ, "ನನಗೆಂಥದು, ಅಗೊಸ್ತಿನೋಗೆ ಉಸಿರು ಕಟ್ಟುತ್ತೆ ಪಾಪ," ಎಂದು ಅದೇ ಸಂಘದ ಪಿನುಚ್ಚಾ ಹೇಳುತ್ತಿದ್ದಳು.

ಎರ್ಸಿಲಿಯಾ ಪ್ರತಿ ಪ್ರವಾಸಕ್ಕೂ ಮೊದಲು, ಬುಧವಾರ, ಒಬ್ಬಳೇ ರೈಲು ಹತ್ತಿ ಆ ಊರಿಗೆ ಹೋಗುತ್ತಿದ್ದಳು. ನೀಲಿ ನೋಟುಪುಸ್ತಕದಲ್ಲಿ ಚರ್ಚಿನ ಹೊಸ್ತಿಲಿನ ಎತ್ತರ, ಬಸ್ಸು ನಿಲ್ಲುವ ಜಾಗದಿಂದ ಊಟದ ಮೇಜಿಗೆ ಎಷ್ಟು ಹೆಜ್ಜೆ ಎಲ್ಲ ಬರೆದುಕೊಳ್ಳುತ್ತಿದ್ದಳು. ಊಟದ ಮನೆಯ ಕಕ್ಕಸು ನೆಲಮಾಳಿಗೆಯಲ್ಲಿದ್ದರೆ ಇಡೀ ಊರನ್ನೇ ಪಟ್ಟಿಯಿಂದ ಹೊಡೆದುಹಾಕುತ್ತಿದ್ದಳು. ಹೀಗೆ ಸೋಸಿ ಸೋಸಿ ಉಳಿದ ಊರುಗಳಲ್ಲಿ ನೋಡಲು ಏನೂ ಇರುತ್ತಿರಲಿಲ್ಲ ಎಂಬುದು ನಿಜ. ಒಂದು ಹಿಟ್ಟಿನ ಗಿರಣಿ, ಒಂದು ಬಾದಾಮಿ ಬಿಸ್ಕತ್ತಿನ ಅಂಗಡಿ, ಮಲಗಿದ ಒಂದು ನಾಯಿ. ನಲವತ್ತು ಜನ ಇಳಿದು ನಾಯಿಯನ್ನು ನೋಡಿ, ಉಂಡು, ಬಸ್ಸು ಹತ್ತಿ, ಊರು ಮುಟ್ಟುವವರೆಗೂ ಗೊಣಗುತ್ತಿದ್ದರು. ಬಿಸ್ಕತ್ತು ಮೆತ್ತಗಾಯಿತು, ಕಾಫಿ ನೀರಾಯಿತು, ನಾಯಿ ಏಳಲಿಲ್ಲ.

ಗೊಣಗುವುದು ಅಲ್ಲಿ ಕೆಟ್ಟ ಚಟವಲ್ಲ, ಆಸ್ತಿ. ಹಿಂದೆ ಹಡಗಿಗೆ ಆಳು ಸೇರುವಾಗ ಎರಡು ಬಗೆಯ ಕರಾರು ಇತ್ತಂತೆ. ಬಾಯಿಮುಚ್ಚಿಕೊಂಡು ದುಡಿಯುವುದಾದರೆ ಹೆಚ್ಚು ಸಂಬಳ, ಗೊಣಗುತ್ತ ದುಡಿಯುವುದಾದರೆ ಕಡಿಮೆ. ಬಿದ್ದ ಗುಂಡುಸೂಜಿಯನ್ನೂ ಬಿಡದ ಜೆನೋವಾದ ಅಜ್ಜಂದಿರು ಕಡಿಮೆ ಸಂಬಳಕ್ಕೇ ರುಜು ಹಾಕಿದರು ಎಂದು ಮೊಮ್ಮಕ್ಕಳು ಇಂದಿಗೂ ಮೀಸೆ ತಿರುವುತ್ತಾರೆ. ಒಂಬತ್ತು ವರ್ಷದಲ್ಲಿ ಎರ್ಸಿಲಿಯಾಗೆ ಒಬ್ಬರೂ ಥ್ಯಾಂಕ್ಸ್ ಹೇಳಿರಲಿಲ್ಲ. ಅವಳು ಅದನ್ನು ಬಯಸಿಯೂ ಇರಲಿಲ್ಲ. ಬಸ್ಸಿನ ಮುಂದಿನ ಸೀಟಿನಲ್ಲಿ ಕೂತು ಬೆನ್ನ ಹಿಂದೆ ನಲವತ್ತು ಬಾಯಿ ಗೊಣಗುವುದನ್ನು ಕೇಳುವುದೇ ಅವಳ ವಾರದ ಸುಖ.

ಆಗ ಸಂಘಕ್ಕೆ ಹೊಸದಾಗಿ ಸೇರಿದರು ಬೆರ್ತೋನೆ ಮೇಷ್ಟ್ರು.

ಟುರಿನ್ ಕಡೆಯವರು, ಶಾಲೆಯಲ್ಲಿ ಡ್ರಿಲ್ ಮಾಸ್ಟರಾಗಿದ್ದವರು, ಎಪ್ಪತ್ತೆರಡರಲ್ಲೂ ಬಿದಿರಿನ ಗಳದ ಹಾಗೆ ನೆಟ್ಟಗಿದ್ದವರು. ಒಂದೇ ಪ್ರವಾಸಕ್ಕೆ ಬಂದು ಅವರಿಗೆ ಸಾಕುಸಾಕಾಯಿತು. ಸಂಘದ ಸಭೆಯಲ್ಲಿ ಎದ್ದು ನಿಂತರು.

"ನೋಡಿ, ಊರು ಚೆನ್ನಾಗಿತ್ತು. ಆದ್ರೆ ಆ ಬಸ್ಸಿನ ತುಂಬ ಬರೀ ನರಳಾಟ. ನಾನು ನಡೆಸಿದ್ರೆ ಗೊಣಗೋ ಹಾಗಿಲ್ಲ. ಗೊಣಗಲ್ಲ ಅಂತ ರುಜು ಹಾಕಿದೋರಿಗೆ ಎಂಟು ಯೂರೋ ಕಡಿಮೆ. ಮೂವತ್ತಕ್ಕೇ ಪ್ರವಾಸ. ಕೊರತೆ ಬಿದ್ರೆ ನನ್ನ ಕೈಯಿಂದ ಹಾಕ್ತೀನಿ."

ಮಾತು ಇಲ್ಲವೇ ದುಡ್ಡು, ಎರಡರಲ್ಲಿ ಒಂದನ್ನು ಆರಿಸು ಎಂದು ಸಂಘದವರನ್ನು ಯಾರೂ ಇಷ್ಟು ನೇರವಾಗಿ ಕೇಳಿರಲಿಲ್ಲ. ಹಲಗೆಯ ಮೇಲೆ ಎರಡು ಪಟ್ಟಿ ಹಾಕುವುದೆಂದು, ಯಾರ ಬಸ್ಸು ತುಂಬುತ್ತದೋ ಮುಂದಿನ ವರ್ಷದ ಪ್ರವಾಸವೆಲ್ಲ ಅವರದೆಂದು ತೀರ್ಮಾನವಾಯಿತು.

ಅಜ್ಜಂದಿರ ಬಗ್ಗೆ ಮೀಸೆ ತಿರುವುವುದು ಬೇರೆ, ಎಂಟು ಯೂರೋ ಬೇರೆ. ಗುರುವಾರಕ್ಕೆ ಮೇಷ್ಟ್ರ ಪಟ್ಟಿಯಲ್ಲಿ ನಲವತ್ತೊಂದು ಹೆಸರು. ಎರ್ಸಿಲಿಯಾಳ ಪಟ್ಟಿಯಲ್ಲಿ ಎರಡು. ಅದರಲ್ಲಿ ಒಂದು ಅವಳದೇ, ಇನ್ನೊಂದು ಕಣ್ಣು ಸರಿಯಾಗಿ ಕಾಣದ ಮುದುಕನೊಬ್ಬ ತಪ್ಪು ಹಾಳೆಯಲ್ಲಿ ಬರೆದದ್ದು. ಅಗೊಸ್ತಿನೋ ಓಣಿಯಲ್ಲಿ ಎದುರಾದಾಗ ಚರ್ಚಿನ ಗಡಿಯಾರ ನೋಡುತ್ತ ದಾಟಿಹೋದ.

ಮೊದಲು ಅವಳನ್ನು ಲಿಫ್ಟಿನಿಂದ ಇಳಿಸಿದರು, ಈಗ ಬಸ್ಸಿನಿಂದ. ಇದೂ ಹೋದರೆ ಉಳಿಯುವುದು ಐದನೆಯ ಮಹಡಿ ಮತ್ತು ಕಿಟಕಿ. ಎರಡು ದಿನ ಅತ್ತಳು. ಮೂರನೆಯ ದಿನ ಕಣ್ಣೊರೆಸಿಕೊಂಡು ಹೋಗಿ ಮೇಷ್ಟ್ರ ಪಟ್ಟಿಯ ಕೊನೆಯಲ್ಲಿ ತನ್ನ ಹೆಸರೂ ಬರೆದಳು. ಅವರ ಪ್ರವಾಸ ಕೆಡುವುದನ್ನು ಕಣ್ಣಾರೆ ನೋಡಿ ಸಂತೋಷಪಡುವುದೊಂದೇ ಅವಳ ಉದ್ದೇಶ. ಗೊಣಗುವುದಿಲ್ಲವೆಂದು ರುಜುವನ್ನೂ ಹಾಕಿದಳು. ಅವಳೂ ಜೆನೋವಾದವಳೇ ತಾನೆ.

ಮೇಷ್ಟ್ರು ಆರಿಸಿದ್ದು ಪಿಯಾನ್‌ಲಾರ್ಗೊ ಎಂಬ, ಬೆಟ್ಟಗಳ ಆಚೆಗಿನ ಒಂದು ಸಣ್ಣ ಊರು. ಅಲ್ಲಿ ಗುಂಡಿಗಳ ಮ್ಯೂಸಿಯಂ ಇತ್ತು, ಅಂಗಿಯ ಗುಂಡಿಗಳದ್ದು. ಎರ್ಸಿಲಿಯಾ ಆ ಊರನ್ನು ನಾಲ್ಕು ವರ್ಷದ ಹಿಂದೆಯೇ ನೋಡಿ ಬಂದು ಹೊಡೆದುಹಾಕಿದ್ದಳು. ನೋಟುಪುಸ್ತಕದಲ್ಲಿತ್ತು: ಮ್ಯೂಸಿಯಂ, ಹನ್ನೊಂದು ಮೆಟ್ಟಿಲು. ಕಕ್ಕಸು, ಕೆಳಗೆ, ಹದಿನಾಲ್ಕು. ಬೇಡ.

ಬಸ್ಸು ಹೊರಟಿತು. ಎಲ್ಲರೂ ಸುಮ್ಮನೆ ಕೂತಿದ್ದರು. ಗೊಣಗುವುದನ್ನು ತೆಗೆದರೆ ಆ ನಲವತ್ತು ಜನಕ್ಕೆ ಪರಸ್ಪರ ಹೇಳಲು ಬೇರೆ ಏನೂ ಇರಲಿಲ್ಲ. ಬಿಸಿಲು ಮುಖಕ್ಕೆ ಹೊಡೆದಾಗ ಪಿನುಚ್ಚಾ ಬಾಯಿ ತೆರೆದಳು, ಎಂಟು ಯೂರೋ ನೆನಪಾಗಿ ಮುಚ್ಚಿದಳು. ಒಂದು ಗಂಟೆಯಾದ ಮೇಲೆ ಡ್ರೈವರು ಕನ್ನಡಿಯಲ್ಲಿ ನೋಡಿ ಮೇಷ್ಟ್ರನ್ನು ಮೆಲ್ಲಗೆ ಕೇಳಿದ:

"ಯಾರಾದ್ರೂ ತೀರ್‍ಕೊಂಡ್ರಾ ಸಾರ್?"

"ಇಲ್ಲಪ್ಪ. ಎಲ್ಲರೂ ಖುಷಿಯಾಗಿದ್ದಾರೆ," ಎಂದರು ಮೇಷ್ಟ್ರು.

ಊಟಕ್ಕೆ ಪೆಸ್ತೋ ಕಲಸಿದ ಪಾಸ್ತಾ ಬಂತು. ತುಳಸಿಯ ಜಾತಿಯ ಸೊಪ್ಪನ್ನು ಬೆಳ್ಳುಳ್ಳಿಯೊಂದಿಗೆ ಅರೆದ ಆ ಹಸಿರು ಚಟ್ನಿಯ ವಿಷಯದಲ್ಲಿ ಈ ಜನ ಹೆತ್ತ ತಾಯಿಯನ್ನೂ ಕ್ಷಮಿಸುವವರಲ್ಲ. ಇಲ್ಲಿಯದರಲ್ಲಿ ಬೆಳ್ಳುಳ್ಳಿಯೇ ಇರಲಿಲ್ಲ, ಕೆನೆ ಇತ್ತು. ನಲವತ್ತು ಜನ ತಟ್ಟೆಯನ್ನು ನೋಡಿದರು. ಅಗೊಸ್ತಿನೋನ ಕುತ್ತಿಗೆ ಕೆಂಪಾಯಿತು. ಅವನು ಒಂದು ತುತ್ತು ತಿಂದು, ಫೋರ್ಕ್ ಕೆಳಗಿಟ್ಟು, ಗೋಡೆ ನೋಡುತ್ತ ಕೂತ. ಪಿನುಚ್ಚಾ ಕಕ್ಕಸಿಗೆ ಹದಿನಾಲ್ಕು ಮೆಟ್ಟಿಲು ಇಳಿದು, ಹದಿನಾಲ್ಕು ಹತ್ತಿ ಬಂದು, ತುಟಿ ಕಚ್ಚಿಕೊಂಡು ಕುರ್ಚಿಯಲ್ಲಿ ಕುಸಿದಳು.

ಎರ್ಸಿಲಿಯಾಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಇಷ್ಟು ವರ್ಷ ಬೆನ್ನ ಹಿಂದಿನಿಂದ ಕೇಳುತ್ತಿದ್ದ ದನಿಗಳ ಮುಖಗಳನ್ನು ಈಗ ಎದುರಿನಿಂದ ನೋಡಿದಳು. ಎಲ್ಲರೂ ಏಕಾಏಕಿ ಮುದುಕರಾಗಿಬಿಟ್ಟಿದ್ದರು.

ಮ್ಯೂಸಿಯಮ್ಮಿನ ಎದುರು ಸಾಲು ನಿಂತಿತು.

"ಹನ್ನೊಂದು ಮೆಟ್ಟಿಲು ಅಷ್ಟೇ," ಎಂದರು ಮೇಷ್ಟ್ರು, ಎರಡೆರಡೇ ಹಾರಿ ಮೇಲೆ ಹೋಗಿ. "ಇದನ್ನ ಮೆಟ್ಟಿಲು ಅಂತಾರಾ?"

ಅಗೊಸ್ತಿನೋ ಮೂರು ಹತ್ತಿ ನಿಂತ. ಮನೆಯಲ್ಲಿ ದಿನಾ ಎಂಬತ್ತೆಂಟು ಹತ್ತುವವನು, ಬಾಯಿಗೆ ಬಂದದ್ದನ್ನು ನುಂಗಿಕೊಂಡು, ಕಂಬಿ ಹಿಡಿದು ನಿಂತ. ಅವನ ಕಣ್ಣಲ್ಲಿ ನೀರು ಬಂದದ್ದನ್ನು ಎರ್ಸಿಲಿಯಾ ನೋಡಿದಳು. ನೋಡಿ, ಪರ್ಸ್ ತೆಗೆದು, ಒಂದು ಐದರ ನೋಟು, ಮೂರು ನಾಣ್ಯ ಎಣಿಸಿ ಮೇಲೆ ಹೋಗಿ ಮೇಷ್ಟ್ರ ಕೈಗಿಟ್ಟಳು.

"ತಗೊಳ್ಳಿ ಮೇಷ್ಟ್ರೇ, ನನ್ನ ಎಂಟು ಯೂರೋ. ನನ್ನ ರುಜು ಹೊಡೆದುಹಾಕಿ. ಈಗ ಕೇಳಿ. ಇದು ಮೆಟ್ಟಿಲೇ. ಹೌದು ಅಂತಲೇ ನಾಲ್ಕು ವರ್ಷದ ಹಿಂದೆ ಬರ್ಕೊಂಡಿದೀನಿ. ಅರ್ಧ ದಿನ ಬಸ್ಸಲ್ಲಿ ಕೂತು ಗುಂಡಿ ನೋಡೋಕೆ ಬಂದಿದೀವಿ, ನನ್ನ ಕೋಟಲ್ಲೇ ಆರು ಗುಂಡಿ ಇದೆ. ಆ ಪೆಸ್ತೋನ ಜ್ವರ ಬಂದೋರಿಗೆ ಕೊಟ್ರೆ ಜ್ವರಾನೂ ಬೇಡ ಅಂತ ಹೋಗುತ್ತೆ."

ಆಮೇಲೆ ಅಗೊಸ್ತಿನೋನ ಕೈ ಜೇಬಿಗೆ ಹೋಯಿತು. ಅವನ ಕೈ ತಾನಾಗಿ ಜೇಬಿಗೆ ಹೋದದ್ದನ್ನು ಸಂಘದವರು ಯಾರೂ ಈ ಮೊದಲು ಕಂಡವರಲ್ಲ.

"ನಂದೂ ಎಂಟು," ಎಂದ. ಹಣ ಕೊಟ್ಟು, ಮೇಷ್ಟ್ರ ಕಡೆಗಲ್ಲ, ಎರ್ಸಿಲಿಯಾ ಕಡೆಗೆ ತಿರುಗಿದ. "ಎಲ್ಲಾ ನಿಂದೇ ತಪ್ಪು ಕಣೇ. ಒಂಬತ್ತು ವರ್ಷ ಒಂದ್ ಮೆಟ್ಲೂ ಕಾಲಿಗೆ ಸಿಗದ ಹಾಗೆ ನೋಡ್ಕೊಂಡು ಕೆಡಿಸಿಟ್ಟೆ ನಮ್ಮನ್ನ. ಈಗ ನೋಡು, ಯಾವನೋ ಎಂಟು ಯೂರೋ ತೋರಿಸ್ದ, ನಾವು ನಾಯಿ ಥರ ಹೋದ್ವಿ. ನಮ್ಮ ಬುದ್ಧಿ ನಿನಗೆ ಗೊತ್ತಿರ್ಲಿಲ್ವಾ? ಯಾಕೆ ಬಿಟ್ಟೆ? ಬಂದು ಕತ್ತಿನ ಪಟ್ಟಿ ಹಿಡಿದು ಎಳೀಬಾರ್ದಿತ್ತಾ?"

"ಹೌದು, ಯಾಕೆ ಬಿಟ್ಟೆ?" ಎಂದಳು ಪಿನುಚ್ಚಾ, ತನ್ನ ಎಂಟು ಯೂರೋ ಎಣಿಸುತ್ತ. "ಆ ಕಕ್ಕಸಲ್ಲಿ ಕಂಬೀನೂ ಇಲ್ಲ."

ಪರ್ಸುಗಳು ಒಂದೊಂದಾಗಿ ತೆರೆದವು. ಮೇಷ್ಟ್ರ ಟೋಪಿಯಲ್ಲಿ ನೋಟು, ನಾಣ್ಯ ತುಂಬಿದವು. ಅವರು ಅದನ್ನು ಎರಡೂ ಕೈಯಲ್ಲಿ ಹಿಡಿದು, ಈ ಜನ ಯಾವ ದೇಶದವರು ಎಂಬಂತೆ ನೋಡುತ್ತ ನಿಂತರು. ಗುಂಡಿಗಳನ್ನು ಯಾರೂ ನೋಡಲಿಲ್ಲ. ಮೆಟ್ಟಿಲ ಮೇಲೆಯೇ ಕೂತು ಒಂದು ಗಂಟೆ ಗೊಣಗಿದರು. ಬಸ್ಸಿನಲ್ಲಿ ಗೊಣಗಿದರು. ಡ್ರೈವರು ರೇಡಿಯೋ ಬಂದ್ ಮಾಡಿದ. ಮುಂದಿನ ಸೀಟನ್ನು ಮೇಷ್ಟ್ರೇ ಎದ್ದು ಬಿಟ್ಟುಕೊಟ್ಟಿದ್ದರು. ಎರ್ಸಿಲಿಯಾ ಅಲ್ಲಿ ಕೂತು, ಬೆನ್ನ ಹಿಂದಿನ ಬೈಗುಳವನ್ನೆಲ್ಲ ಕೇಳುತ್ತ, ಕಿಟಕಿಯ ಕಡೆ ಮುಖ ಮಾಡಿ ಬೇಕಾದಷ್ಟು ಅತ್ತಳು.

ಸೋಮವಾರ ಸಂಘದ ಹಲಗೆಯ ಮೇಲೆ ಅವಳ ಹಳೆಯ ಪಟ್ಟಿಯಲ್ಲಿ ನಲವತ್ತಮೂರು ಹೆಸರಿದ್ದವು. ಕೊನೆಯದು ಬೆರ್ತೋನೆ ಮೇಷ್ಟ್ರದು. ಅದರ ಕೆಳಗೆ ಅಗೊಸ್ತಿನೋನ ದಪ್ಪ ಅಕ್ಷರ: "ಮೂವತ್ತೆಂಟು ಜಾಸ್ತಿಯಾಯಿತು. ಹಗಲು ದರೋಡೆ." ಎರ್ಸಿಲಿಯಾ ಅದನ್ನು ಎರಡು ಸಲ ಓದಿದಳು. ಆಮೇಲೆ ಮನೆಗೆ ಹೋಗಿ, ಗೊಣಗುತ್ತ ಗೊಣಗುತ್ತ, ನೂರನಾಲ್ಕು ಮೆಟ್ಟಿಲನ್ನೂ ಹತ್ತಿದಳು.